ಎತ್ತಿಲ್ಲದ ಗಾಡಿಗೆ ಹುಲ್ಲು

ನಾನು ಲಾರಿ ಓಡಿಸಲು ಕಲಿತದ್ದು ಯಲ್ಲಾಪುರದ ರಸ್ತೆಯಲ್ಲಿ, ಡ್ರೈವರ್ ಆದದ್ದು ಸಿದ್ದಾಪುರದ ರಸ್ತೆಯಲ್ಲಿ. ಇವೆರಡೂ ಒಂದೇ ಎಂದು ತಿಳಿದವರು ಬಹಳ ಜನ ಇದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಓಡಿಸಲು ಕಲಿಯುವುದಕ್ಕೆ ಕೈಕಾಲು ಗಟ್ಟಿಯಿದ್ದು, ಬೈಸಿಕೊಳ್ಳುವ ಕಿವಿ ದಪ್ಪವಿದ್ದರೆ ಸಾಕು. ಡ್ರೈವರ್ ಆಗಬೇಕಾದರೆ ಮಾತ್ರ, ಇನ್ನೊಬ್ಬರು ತಮ್ಮ ವರ್ಷದ ಬೆಳೆಯನ್ನು ನಮ್ಮ ಬೆನ್ನ ಹಿಂದೆ ಹೇರಿಸಿ, ಮನೆಗೆ ಹೋಗಿ ನಿಶ್ಚಿಂತೆಯಾಗಿ ಊಟಕ್ಕೆ ಕೂರಬೇಕು. ಅಂಥವರೊಬ್ಬರು ನನಗೆ ಸಿಕ್ಕಿದ ದಿನದ ಕತೆ ಇದು. ಅವರು ಆ ದಿನ ಊಟಕ್ಕೆ ಕೂತದ್ದೇನೋ ಹೌದು. ನಿಶ್ಚಿಂತೆಯ ಮಾತು ಬೇರೆ.

ನಮ್ಮದು ಶಿರಸಿ ಪೇಟೆಯ ಗಾಡಿಯವರ ಮನೆ. ಅಜ್ಜ ಎತ್ತಿನ ಗಾಡಿ ಹೊಡೆದರು, ಅಬ್ಬಾ ಹೊಡೆದರು, ಮೀಸೆ ಚಿಗುರುವ ಮೊದಲೇ ನಾನೂ ಹೊಡೆದೆ. ಸಿದ್ದಾಪುರದ ಕಡೆಯ ತೋಟದ ಯಜಮಾನರೊಬ್ಬರ ಅಡಿಕೆಯನ್ನು ಶಿರಸಿಯ ಮಂಡಿಗೆ ತಂದು ಮುಟ್ಟಿಸುವುದು ಅಬ್ಬಾರ ಪಾಲಿಗೆ ವರ್ಷದ ದೊಡ್ಡ ಕೆಲಸ. ಆ ಮನೆಯವರಿಗೆ ಬೇರೆ ಗಾಡಿ ಗೊತ್ತಿರಲಿಲ್ಲ, ಅಬ್ಬಾರಿಗೆ ಅಷ್ಟು ಮರ್ಯಾದೆಯ ಬೇರೆ ಬಾಡಿಗೆ ಗೊತ್ತಿರಲಿಲ್ಲ. ಅದು ಮೂವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ರಸ್ತೆಗಳಿಗೆ ಮೋಟಾರು ಬಂದಿತ್ತು, ಆದರೆ ಎತ್ತುಗಳಿಗೆ ಅದನ್ನು ಯಾರೂ ತಿಳಿಸಿ ಹೇಳಿರಲಿಲ್ಲ.

ಒಂದು ಸಂಜೆ ತಿರುವಿನಲ್ಲಿ ಯಾವುದೋ ಬಾಡಿಗೆ ಮೋಟಾರು ಎದುರಿಗೆ ಬಂದು ಪೋಂ ಎಂದು ಹಾರ್ನ್ ಹಿಸುಕಿತು. ನಮ್ಮ ಬಲಗಡೆಯ ಎತ್ತು ಬೆದರಿ ಮೋರಿಯ ಕಲ್ಲುಗಳ ನಡುವೆ ಕಾಲು ಹಾಕಿ ಮುರಿದುಕೊಂಡಿತು. ಮೋಟಾರು ನಿಲ್ಲದೆ ಹೋಯಿತು. ಎತ್ತಿನ ಕಾಲು ಕೂಡಿಕೊಂಡಿತು, ಆದರೆ ಕುಂಟು ಉಳಿಯಿತು. ಭಾರ ಎಳೆಯುವ ಕೆಲಸ ಅದಕ್ಕೆ ಮುಗಿಯಿತು. ಜೋಡಿಯಿಲ್ಲದ ಇನ್ನೊಂದು ಎತ್ತು ಕೊಟ್ಟಿಗೆಯಲ್ಲಿ ನಿಂತು ನಮ್ಮ ಮುಖವನ್ನೇ ನೋಡುತ್ತಿತ್ತು. ಬಂದವರೆಲ್ಲ ಒಂದೇ ಬುದ್ಧಿ ಹೇಳಿದರು: ಎರಡನ್ನೂ ಹಾವೇರಿಯ ಸಂತೆಗೆ ಹೊಡೆದುಬಿಡು, ನೀನು ಮಂಡಿಯಲ್ಲಿ ಹಮಾಲಿಗೆ ಸೇರು. ಕುಂಟು ಎತ್ತನ್ನು ಸಂತೆಯಲ್ಲಿ ಕೊಳ್ಳುವವರು ಯಾರು, ಕೊಂಡು ಏನು ಮಾಡುತ್ತಾರೆ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಬ್ಬಾರ ಬೆನ್ನು ಚೀಲ ಹೊರುವ ವಯಸ್ಸನ್ನು ದಾಟಿತ್ತು ಎನ್ನುವುದೂ ಗೊತ್ತಿತ್ತು. ಆ ರಾತ್ರಿ ಊಟದ ಹೊತ್ತಿಗೆ ಅಬ್ಬಾ ನನ್ನ ಕಡೆ ತಿರುಗಿ, "ಬೇಟಾ, ನೀನು ಮೋಟಾರು ಕಲಿ. ಕಾಲು ಮುರಿದದ್ದು ಮೋಟಾರು, ಅನ್ನ ಹಾಕುದೂ ಅದೇ ಆಗ್ಲಿ" ಅಂದರು.

ಪೇಟೆಯ ಸಾಹುಕಾರರೊಬ್ಬರು ಹೊಸದಾಗಿ ಲಾರಿ ತಂದಿದ್ದರು. ಉದ್ದ ಮೂಗಿನ ಲಾರಿ, ಹಿಂದೆ ಹೇರು ತುಂಬಲು ಸಾಗವಾನಿ ಹಲಗೆಯ ತೊಟ್ಟಿ. ಅದನ್ನು ಓಡಿಸಲು ಹುಬ್ಬಳ್ಳಿಯಿಂದ ಒಬ್ಬ ಡ್ರೈವರ್ ಬಂದಿದ್ದ. ನಾನು ಅವನ ಕೈಕೆಳಗೆ ಲಾರಿ ತೊಳೆಯುವವನಾಗಿ, ಹ್ಯಾಂಡಲ್ ತಿರುಗಿಸುವವನಾಗಿ ಸೇರಿದೆ. ಆಗಿನ ಲಾರಿಗೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸದೆ ಇಂಜಿನ್ ಹಿಡಿಯುತ್ತಿರಲಿಲ್ಲ. ಮೊದಲ ದಿನವೇ ಅವನು ನನ್ನ ಕೈ ಹಿಡಿದು ತೋರಿಸಿದ.

"ತಮ್ಮಾ, ಹೆಬ್ಬಟ್ಟು ಸುತ್ತಿ ಹಿಡೀಬ್ಯಾಡ. ಅದು ಒದ್ದರ ಕೈ ಮುರೀತೈತಿ. ಎತ್ತು ಒದೆಯೂ ಮೊದಲ ಕಿವಿ ಅಲ್ಲಾಡಸ್ತೈತಿ, ಇದಕ್ಕ ಕಿವಿ ಇಲ್ಲ."

ಒಳ್ಳೆಯ ಮನುಷ್ಯ. ಬಾಯಿ ಮಾತ್ರ ಖಾರ. ಯಲ್ಲಾಪುರಕ್ಕೆ ಹೋಗಿ ಬರುವಾಗ, ಮಂಚಿಕೇರಿ ದಾಟಿದ ಮೇಲೆ ರಸ್ತೆ ಸಪಾಟಾಗಿ ಸಿಕ್ಕಿದ ಕಡೆ ನನ್ನನ್ನು ಚಕ್ರದ ಮುಂದೆ ಕೂರಿಸುತ್ತಿದ್ದ. ಗಾಡಿ ಹೊಡೆದ ಕೈ ಅಷ್ಟು ಸುಲಭಕ್ಕೆ ಬುದ್ಧಿ ಕಲಿಯುವುದಿಲ್ಲ. ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ನಾನು "ಹೋ ಹೋ" ಎಂದು ಕೂಗುತ್ತ ಸ್ಟೇರಿಂಗ್ ಚಕ್ರವನ್ನು ಹಗ್ಗ ಜಗ್ಗಿದ ಹಾಗೆ ಎದೆಯ ಕಡೆ ಜಗ್ಗಿದೆ. ಕಾಲು ಬ್ರೇಕಿನ ಹತ್ತಿರವೂ ಹೋಗಲಿಲ್ಲ. ಲಾರಿ ಕೂಗನ್ನು ಕೇಳಿಸಿಕೊಳ್ಳದೆ ಲಂಟಾನದ ಪೊದೆಗೆ ನುಗ್ಗಿ ನಿಂತಿತು. ಎಮ್ಮೆ ಮೆಲುಕು ಹಾಕುತ್ತ ನೋಡಿತು. ಹುಬ್ಬಳ್ಳಿಯವನು ಇಳಿದು, ಸುತ್ತ ಒಂದು ಸಲ ತಿರುಗಿ ನೋಡಿ, ಬೀಡಿ ಹಚ್ಚಿಕೊಂಡು, "ಇನ್ನ ನೊಗ ಕಟ್ಟೂದು ಒಂದ ಬಾಕಿ ನೋಡು" ಅಂದ.

ಅವನ ಬೈಗುಳ ತಿಂದೇ ನಾನು ಕಲಿತೆ. ಕಾರವಾರಕ್ಕೆ ಹೋಗಿ, ಪರೀಕ್ಷೆಯ ಸಾಹೇಬರು ತೋರಿಸಿದ ಮರವನ್ನು ಹಿಮ್ಮುಖವಾಗಿ ಸುತ್ತಿ, ಲೈಸೆನ್ಸನ್ನೂ ತಂದೆ. ಅಷ್ಟರಲ್ಲಿ ನಮ್ಮ ಕಡೆಯ ಜ್ವರ ಹುಬ್ಬಳ್ಳಿಯವನನ್ನು ಹಿಡಿಯಿತು. ಯಲ್ಲಾಪುರದ ಚಳಿಜ್ವರಕ್ಕೆ ಹೆದರಿ ಆಗ ಬಯಲುಸೀಮೆಯವರು ಈ ಕಡೆಗೆ ಹೆಣ್ಣನ್ನೂ ಕೊಡುತ್ತಿರಲಿಲ್ಲ. ಕಂಬಳಿ ಹೊದ್ದು ನಡುಗುತ್ತ ಅವನು ಊರಿಗೆ ಹೊರಟಾಗ ನನಗೆ ನಿಜವಾಗಿ ದುಃಖವಾಯಿತು. ಅವನು ಕೂತಿದ್ದ ಜಾಗ ಖಾಲಿಯಾಯಿತಲ್ಲ ಎಂಬ ಆಸೆಯೂ ಆಯಿತು. ಎರಡೂ ಒಟ್ಟಿಗೇ ಆದವು, ಏನು ಮಾಡಲಿ.

ಸಾಹುಕಾರರು ನನ್ನನ್ನು ಕರೆದು ಒಂದು ಕರಾರು ಇಟ್ಟರು. "ನಿನಗೆ ಓಡಿಸ್ಲಿಕ್ಕೆ ಬರ್ತದೆ, ಗೊತ್ತದೆ. ಆದ್ರೆ ಈ ಲಾರಿಗೆ ಇಷ್ಟು ದಿನ ಆದ್ರೂ ಒಬ್ಬರೂ ಅಡಿಕೆ ಕೊಡ್ಲಿಲ್ಲ. ಅಡಿಕೆ ಸಿಗದಿದ್ರೆ ಲಾರಿ ಇಟ್ಟು ಎಂತ ಮಾಡ್ಲಿ. ನಿನ್ನಪ್ಪನ ಹಳೇ ಗಿರಾಕಿಯ ಅಡಿಕೆ ತಂದು ಮಂಡಿಗೆ ಸರಿಯಾಗಿ ಇಳಿಸು, ಸೀಟು ನಿನ್ನದು. ಇಲ್ಲಾಂದ್ರೆ ಹುಬ್ಬಳ್ಳಿಯಿಂದ ಬೇರೆಯವನನ್ನು ಕರೆಸ್ತೆ."

ಅಡಿಕೆ ಯಾಕೆ ಕೊಡುತ್ತಿರಲಿಲ್ಲ ಎನ್ನುವುದು ಗುಟ್ಟೇನಲ್ಲ. ಲಾರಿ ಕುಮಟೆಗೆ ಇಳಿದು, ಘಟ್ಟ ಹತ್ತಿ ಬರುವಾಗ ಉಪ್ಪು, ತೆಂಗಿನಕಾಯಿಯ ಜೊತೆ ಒಣಮೀನನ್ನೂ ತರುತ್ತಿತ್ತು. ಆ ಹಲಗೆಯ ಮೇಲೆ ತೋಟದ ಮನೆಗಳ ಬ್ರಾಹ್ಮಣರು ತಮ್ಮ ಅಡಿಕೆ ಇಡುತ್ತಾರೆಯೇ. ಮಡಿಯ ಮಾತು ಬದಿಗಿಡಿ, ಅಡಿಕೆ ವಾಸನೆಯನ್ನು ಎಳೆದುಕೊಳ್ಳುವ ವಸ್ತು. ಮಂಡಿಯಲ್ಲಿ ಮೂಗಿನ ಹತ್ತಿರ ಹಿಡಿದು ನೋಡಿಯೇ ದರ ಹೇಳುತ್ತಿದ್ದರು. ಅಬ್ಬಾ ಸ್ವತಃ ಸಿದ್ದಾಪುರಕ್ಕೆ ಹೋಗಿ ಯಜಮಾನರ ಅಂಗಳದಲ್ಲಿ ನಿಂತು, ಮಗನ ಲಾರಿಯಲ್ಲಿ ನಾತ ಇದ್ದರೆ ಒಂದು ಚೀಲವನ್ನೂ ಹಾಕಬೇಡಿ ಎಂದು ಹೇಳಿ ಬಂದರು. ಇಷ್ಟು ವರ್ಷ ಅವರು ಸಂಪಾದಿಸಿದ್ದ ಮಾತೆಲ್ಲ ಈಗ ನನ್ನ ಲಾರಿಯ ಹಲಗೆಯ ಮೇಲೆ ಬಂದು ಕೂತಿತ್ತು. ಕುಂಟು ಎತ್ತೂ ಅದರ ಮೇಲೇ ನಿಂತಿತ್ತು ಅನ್ನಿ.

ಹೋಗುವ ಹಿಂದಿನ ದಿನ ನಾನು ಲಾರಿಯನ್ನು ನಮ್ಮ ಮನೆಯ ಬಾವಿಯ ಹತ್ತಿರ ನಿಲ್ಲಿಸಿಕೊಂಡೆ. ಮೀನಿನ ಪಾತ್ರೆಯ ನಾತಕ್ಕೆ ಹುಳಿ ಬಿಟ್ಟು ಬೇರೆ ಔಷಧವಿಲ್ಲ ಎಂದು ಅಮ್ಮ ಒಂದು ಬುಟ್ಟಿ ಹಳೆಯ ಹುಣಸೆಹಣ್ಣು ಹಿಂಡಿ ಕೊಟ್ಟಳು. ಹುಳಿ, ಬೂದಿ, ತೆಂಗಿನ ನಾರು ಇವನ್ನು ಹಿಡಿದು ಹಲಗೆ ಹಲಗೆ ಉಜ್ಜಿದೆ. ಬಿಸಿಲಿಳಿಯುವ ತನಕ ಬಾವಿಯ ನೀರು ಸುರಿದೆ. ಉಜ್ಜಿದ್ದು ಸಾಲದೆಂದು ಮತ್ತೆ ಉಜ್ಜಿದೆ. ಅಬ್ಬಾ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಎತ್ತಿನ ಕಾಲಿಗೆ ಎಣ್ಣೆ ತಿಕ್ಕುತ್ತ ನೋಡುತ್ತಿದ್ದರು. ಕತ್ತಲಾದ ಮೇಲೆ, ಮಾಘದ ಇಬ್ಬನಿ ಬೀಳಬಾರದೆಂದು ತಾಡಪತ್ರಿ ಎಳೆದು ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಿದೆ. ಇಷ್ಟು ಜಾಣತನ ಮಾಡಿದ ಮೇಲೆ ನಿದ್ದೆ ಸೊಗಸಾಗಿ ಬಂತು.

ಬೆಳಗಿನ ಜಾವ ಮಂಡಿಯ ಹಮಾಲ ಒಬ್ಬರನ್ನು ಕೂರಿಸಿಕೊಂಡು ಹೊರಟೆ. ಅಬ್ಬಾರ ಸ್ನೇಹಿತರು, ಹೇರುವುದರಲ್ಲಿ ಪಳಗಿದವರು, ಮಾತು ಕಡಿಮೆ. ಸಿದ್ದಾಪುರದ ಹತ್ತಿರ ಯಜಮಾನರ ಮನೆಯ ದಾರಿ ರಸ್ತೆಗೆ ಕೂಡುವಲ್ಲಿ ಚೀಲಗಳು ಅಚ್ಚುಕಟ್ಟಾಗಿ ಸಾಲಾಗಿ ಕಾದಿದ್ದವು. ಯಜಮಾನರು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಿಂತಿದ್ದರು. ಅವರು ಯಾರ ಜೊತೆಗಾದರೂ, ನಾನು ಎನ್ನುವುದಕ್ಕೆ ಆನು ಎನ್ನುವ ತಮ್ಮ ಮನೆಯ ಮಾತನ್ನೇ ಆಡುವವರು.

"ಆನು ಹತ್ತಿ ನೋಡ್ತೆ," ಅಂದರು. "ನಾತ ಇದ್ರೆ ಒಂದು ಚೀಲನೂ ಹಾಕ್ತ್ನಿಲ್ಲೆ."

ನಾನು ತಾಡಪತ್ರಿ ಬಿಚ್ಚಿದೆ. ಹಲಗೆಯ ಮೇಲ್ಮೈಯನ್ನು ನನ್ನ ಹೆಗಲ ಬಟ್ಟೆಯಿಂದ ಒರೆಸಿದೆ, ಒಣಗಿದಂತೆಯೇ ಕಂಡಿತು. ಯಜಮಾನರು ಹತ್ತಿ, ಮೊಣಕಾಲೂರಿ, ಬಗ್ಗಿ ಮೂಗನ್ನು ಹಲಗೆಯ ಹತ್ತಿರ ತಂದರು. ಈ ಮೂಲೆ, ಆ ಮೂಲೆ, ನಡುಮಧ್ಯ. ಅವರು ತಲೆಯೆತ್ತಿದರು.

"ಹುಳಿ ವಾಸನೆ ಬತ್ತು," ಅಂದರು. "ಮೀನಿಂದು ಇಲ್ಲೆ. ಅಡ್ಡಿಲ್ಲೆ."

ಅಡ್ಡಿಲ್ಲೆ ಎಂದರೆ ಆ ಮನೆಗಳಲ್ಲಿ ದೊಡ್ಡ ಮಾತು. ಮಗಳ ಮದುವೆಗೆ ಒಪ್ಪುವಾಗಲೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹಮಾಲರು ಕೆಳಗಿನಿಂದ ಎತ್ತಿಕೊಟ್ಟ ಚೀಲಗಳನ್ನು ನಾನು ಮೇಲೆ ನಿಂತು ಜೋಡಿಸಿದೆ. ಹಗ್ಗ ಬಿಗಿದು, ಬಿಸಿಲು ಏರುವ ಹೊತ್ತಿಗೆ ಹೊರಟೆವು. ಯಜಮಾನರು ಊಟ ಮುಗಿಸಿ ಜನ ಕೂರಿಸುವ ಮಧ್ಯಾಹ್ನದ ಸರ್ವಿಸ್ ಮೋಟಾರಿನಲ್ಲಿ ಶಿರಸಿಗೆ ಬಂದು, ಮಂಡಿಯಲ್ಲಿ ತಾವೇ ನಿಂತು ಅಡಿಕೆ ತೋರಿಸುವುದು ಎಂದಾಗಿತ್ತು. ಚಕ್ರದ ಹಿಂದೆ ಕೂತ ನನಗೆ ಎದೆಯೆಲ್ಲ ಹಗುರ. ಸೀಟು ನನ್ನದಾಯಿತು ಎಂದೇ ಲೆಕ್ಕ ಹಾಕಿಕೊಂಡೆ. ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿ, ಮೊಟ್ಟೆಯ ಬುಟ್ಟಿ ಹೊತ್ತವನ ಹಾಗೆ ಓಡಿಸಿದೆ.

ಕಾನಸೂರು ದಾಟಿ ಸ್ವಲ್ಪ ದೂರ ಬರುವಾಗ ರೇಡಿಯೇಟರಿನ ನೀರು ಕುದಿಯಿತು. ಅದೇನೂ ವಿಶೇಷವಲ್ಲ, ಆ ಲಾರಿ ನನಗಿಂತ ಹೆಚ್ಚು ನೀರು ಕುಡಿಯುತ್ತಿತ್ತು. ನಿಲ್ಲಿಸಿ, ಡಬ್ಬ ಹಿಡಿದು ಹಳ್ಳಕ್ಕೆ ಇಳಿದು ನೀರು ತಂದೆ. ಮರಳಿ ಬರುವಾಗ ಕಣ್ಣು ಲಾರಿಯ ಪಕ್ಕದ ಪಟ್ಟಿಗಳ ನಡುವೆ ಹೋಯಿತು. ಅಡಿಯ ಸಾಲಿನ ಚೀಲಗಳ ಬುಡ ಕಪ್ಪಗೆ ಕಂಡಿತು. ನೆರಳಿರಬೇಕು ಅಂದುಕೊಂಡೆ. ಹತ್ತಿರ ಹೋಗಿ ಮುಟ್ಟಿದೆ. ಒದ್ದೆ.

ಹಲಗೆಗಳ ಸಂದಿಯಲ್ಲಿ, ಬಿರುಕಿನಲ್ಲಿ, ಮೊಳೆಯ ತೂತಿನಲ್ಲಿ ನಾನು ಸುರಿದ ಬಾವಿಯ ನೀರೆಲ್ಲ ಕೂತಿತ್ತು. ಇಬ್ಬನಿ ಒಳಗೆ ಬರಬಾರದೆಂದು ಕಟ್ಟಿದ ತಾಡಪತ್ರಿ, ನೀರು ಹೊರಗೆ ಹೋಗದ ಹಾಗೆ ರಾತ್ರಿಯಿಡೀ ಕಾದಿತ್ತು. ಈಗ ಮೇಲಿನ ಭಾರಕ್ಕೆ ಹಲಗೆ ಬಾಗಿ, ನೀರು ಸಂದಿಯಿಂದ ಮೇಲೆದ್ದು ಗೋಣಿಗೆ ಹತ್ತುತ್ತಿತ್ತು. ಒಣಗಿದ ಅಡಿಕೆಗೆ ಹಸಿ ತಗುಲಿದರೆ ಬೂಸು ಹಿಡಿಯುತ್ತದೆ, ಚುಕ್ಕೆ ಬೀಳುತ್ತದೆ. ಮೀನಿನ ನಾತವಾದರೂ ವಾಸಿಯಿತ್ತು. ಡಬ್ಬ ಅಲ್ಲೇ ಇಟ್ಟು ಅದರ ಪಕ್ಕ ಕೂತುಬಿಟ್ಟೆ. ಆ ಕ್ಷಣ ಕಣ್ಣಿಗೆ ಬಂದದ್ದು ಸಾಹುಕಾರರೂ ಅಲ್ಲ, ಯಜಮಾನರೂ ಅಲ್ಲ. ಹಾವೇರಿ ರಸ್ತೆಯಲ್ಲಿ ಕುಂಟುತ್ತ ಹೋಗುವ ಎತ್ತು, ಅದರ ಹಗ್ಗ ಹಿಡಿದ ಅಬ್ಬಾ.

ಹಮಾಲರು ಮೇಲಿನಿಂದ ಇಳಿದು ಬಂದು ಚೀಲ ಮುಟ್ಟಿ ನೋಡಿದರು.

"ಹುಲ್ಲು ಹಾಕ್ಲಿಲ್ವಾ ನೀನು?" ಅಂದರು.

ಹುಲ್ಲು. ಹುಟ್ಟಿದಂದಿನಿಂದ ನಾನು ಹುಲ್ಲಿಲ್ಲದೆ ಹೊರಟ ಗಾಡಿಯನ್ನು ಕಂಡವನಲ್ಲ. ಎತ್ತಿನ ಗಾಡಿಗೆ ಮೊದಲು ಬೀಳುವುದೇ ಭತ್ತದ ಹುಲ್ಲು, ಅದರ ಮೇಲೆ ಹೇರು. ಉಳಿದದ್ದು ಗಾಡಿಯ ಅಡಿಗೆ ಜೋತುಬಿಟ್ಟ ಹಗ್ಗದ ಬಲೆಯಲ್ಲಿ. ದಾರಿಯಲ್ಲಿ ಎತ್ತುಗಳು ತಿನ್ನಬೇಕಲ್ಲ, ಅದಕ್ಕೆ ಹುಲ್ಲು ಎಂದೇ ನಾನು ತಿಳಿದಿದ್ದೆ. ಅದೇ ಹುಲ್ಲು ಮಾಲನ್ನು ಹಲಗೆಯಿಂದ ಎತ್ತಿ ಹಿಡಿಯುತ್ತದೆ, ಹಸಿ ಕುಡಿಯುತ್ತದೆ, ಕುಲುಕು ತಡೆಯುತ್ತದೆ ಎನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಲಾರಿಗೆ ಎತ್ತಿಲ್ಲ, ಆದ್ದರಿಂದ ನನ್ನ ತಲೆಯಲ್ಲಿ ಹುಲ್ಲೂ ಇರಲಿಲ್ಲ. ಹುಬ್ಬಳ್ಳಿಯವನಂತೂ ಉಪ್ಪು, ಮೀನು ಹೇರಿದವನು, ಅವನಿಗೆ ಹುಲ್ಲಿನ ಯೋಚನೆ ಯಾಕೆ ಬರಬೇಕು.

ಮುಂದಿನ ತಿರುವಿನಾಚೆ ಗಾಡಿಯವರು ಎತ್ತು ಬಿಚ್ಚಿ ವಿಶ್ರಾಂತಿ ತೆಗೆದುಕೊಳ್ಳುವ ಬಯಲು ಇತ್ತು. ಬನವಾಸಿ ಕಡೆಯ ಭತ್ತದ ಗಾಡಿಗಳು, ನಮ್ಮ ಪೇಟೆಯ ಗಾಡಿಗಳು, ಎಲ್ಲವೂ ಅಲ್ಲಿ ನಿಲ್ಲುತ್ತಿದ್ದವು. ಅವರೆದುರು ಹೋಗಿ ಹುಲ್ಲು ಕೇಳುವುದೆಂದರೆ ನನಗೆ ಸಾವು ಬಂದ ಹಾಗೆ. ಲಾರಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎತ್ತುಗಳು ಬೆದರುತ್ತಿದ್ದವು, ಬಾಡಿಗೆ ಹೋಗುತ್ತಿತ್ತು, ಧೂಳು ತಿನ್ನುವುದು ಬೇರೆ. ಲಾರಿ ಹತ್ತಿದ ಮೇಲೆ ಅವರಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಬೇರೆ ದಾರಿ ಎಲ್ಲಿತ್ತು. ರೇಡಿಯೇಟರಿಗೆ ನೀರು ಹೊಯ್ದು, ಲಾರಿಯನ್ನು ಬಯಲಿನ ಅಂಚಿಗೆ ತಂದು, ಹಾರ್ನ್ ಮುಟ್ಟದೆ, ದೂರದಲ್ಲೇ ಇಂಜಿನ್ ನಿಲ್ಲಿಸಿ, ನಡೆದುಕೊಂಡು ಹೋದೆ.

ಗಾಡಿಯವರಲ್ಲಿ ಹಿರಿಯರೊಬ್ಬರು ನೊಗಕ್ಕೆ ಒರಗಿ ಎಲೆ ಹಾಕುತ್ತಿದ್ದರು. ಅಬ್ಬಾರ ಜೊತೆ ಎಷ್ಟೋ ವರ್ಷ ಸಾಲಿನಲ್ಲಿ ಗಾಡಿ ಹೊಡೆದವರು. ನಾನು ನಿಂತಲ್ಲೇ, "ನನಗೆ ಸ್ವಲ್ಪ ಹುಲ್ಲು ಬೇಕಿತ್ತು" ಅಂದೆ.

ಅವರು ನನ್ನನ್ನು ನೋಡಿದರು, ದೂರದ ಲಾರಿಯನ್ನು ನೋಡಿದರು, ಉಳಿದವರನ್ನು ನೋಡಿದರು.

"ಎಂತದಾ ಮಾರಾಯ," ಅಂದರು. "ನಿನ್ನ ಲಾರಿ ಹುಲ್ಲು ತಿಂತದೇನಾ?"

ಬಯಲಿಗೆ ಬಯಲೇ ನಕ್ಕಿತು. ಒಬ್ಬ, ಹಿಂಡಿಯನ್ನೂ ಕೊಡಬೇಕಾ ಎಂದು ಕೇಳಿದ. ಇನ್ನೊಬ್ಬ, ಕಟ್ಟಲು ಗೂಟ ಬಡಿಯಲಾ ಅಂದ. ನನಗೆ ನಾಚಿಕೆಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ನಡೆದದ್ದನ್ನು ಹೇಳಿದೆ. ಅಡಿಕೆ ಯಾರದ್ದು ಎಂದು ಕೇಳಿದರು, ಹೇಳಿದೆ. ಹಿರಿಯರ ನಗು ನಿಂತಿತು.

"ಆ ಮನೆ ಅಡಿಕೆ ನಿನ್ನಪ್ಪ ಒಂದು ವರ್ಷನೂ ಕೆಡಿಸಿದವ ಅಲ್ಲ," ಅಂದರು. "ಏಳಿ ನೋಡುವಾ ಎಲ್ಲಾರೂ."

ಅವರು ಎದ್ದರು, ಉಳಿದವರೂ ಎದ್ದರು. ಬೈಯುತ್ತಲೇ ಚೀಲ ಇಳಿಸಿದರು. ಒದ್ದೆಯಾದ ಚೀಲಗಳ ಬಾಯಿ ಬಿಚ್ಚಿ, ತಮ್ಮ ಕಂಬಳಿಗಳನ್ನು ಬಿಸಿಲಿಗೆ ಹಾಸಿ, ಅಡಿಕೆಯನ್ನು ಅದರ ಮೇಲೆ ಹರವಿದರು. ಗೋಣಿಗಳನ್ನು ನೊಗಗಳ ಮೇಲೆ ಒಣಹಾಕಿದರು. ಎತ್ತುಗಳು ಬಂದು ಮೂಸಿದರೆ ಹಚಾ ಎಂದು ಅಟ್ಟಿದರು. ಹಮಾಲರೂ ನಾನೂ ಹಲಗೆಯ ಸಂದಿ ಸಂದಿಯನ್ನು ಬಟ್ಟೆ ತುರುಕಿ ಹಿಂಡಿದೆವು. ಎಲ್ಲ ಗಾಡಿಗಳ ಬಲೆಯಿಂದ ಒಂದೊಂದು ಹಿಡಿ ಹುಲ್ಲು ಬಂತು. ಅದನ್ನು ಲಾರಿಯ ತುಂಬ ದಪ್ಪಗೆ ಹಾಸಿದ್ದಾಯಿತು. ಅಡಿಕೆಯಲ್ಲಿ ಕೈಯಾಡಿಸುತ್ತ ಕೂತಾಗ ಜೀವ ಸ್ವಲ್ಪ ಸ್ವಲ್ಪವಾಗಿ ಮರಳಿ ಬಂತು. ಹಸಿ ಬರೀ ಗೋಣಿಗೆ ಹತ್ತಿತ್ತು, ಅಡಿಕೆಯ ಮೇಲೆ ಉಸಿರಾಡಿದಷ್ಟು ತಂಪು, ಅಷ್ಟೇ. ಬಿಸಿಲು ಚುರುಕಾಗಿತ್ತು. ಇನ್ನೊಂದು ಗಳಿಗೆ ಸಿಕ್ಕಿದರೆ ಯಾರಿಗೂ ತಿಳಿಯದ ಹಾಗೆ ಹೇರಿ ಹೊರಡಬಹುದಿತ್ತು.

ಆ ಗಳಿಗೆ ಸಿಗಲಿಲ್ಲ. ಸಿದ್ದಾಪುರದ ಕಡೆಯಿಂದ ಸರ್ವಿಸ್ ಮೋಟಾರು ಬಂತು. ಬಯಲಿನಲ್ಲಿ ಹರವಿದ ಅಡಿಕೆ, ಅದರ ಸುತ್ತ ಗಾಡಿಯವರು, ಪಕ್ಕದಲ್ಲಿ ಖಾಲಿ ಲಾರಿ. ಮೋಟಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ಯಜಮಾನರು ಇಳಿದರು.

ನಾನು ಎದ್ದು ನಿಂತೆ. ಹೇಳಬೇಕೆಂದು ಕಟ್ಟಿಕೊಂಡ ಮಾತೆಲ್ಲ ಮರೆತು, "ಹಲಗೆ ಒದ್ದೆ ಇತ್ತು, ಒಡೆಯಾ. ಕೆಳಗಿನ ಚೀಲಕ್ಕೆ ಹತ್ತಿತು" ಅಂದೆ.

ಅವರು ಕಂಬಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಒಂದು ಹಿಡಿ ಅಡಿಕೆ ತೆಗೆದು ಕೆನ್ನೆಗೆ ಒತ್ತಿ ನೋಡಿದರು. ಎರಡನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಬಡಿದರು, ಟಣ್ ಎಂದಿತು. ಸೊಂಟದ ಸಂಚಿಯಿಂದ ಅಡಕತ್ತರಿ ತೆಗೆದು ಒಂದನ್ನು ಸೀಳಿದರು. ಹೋಳನ್ನು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿಯುತ್ತ, ಲಾರಿಯ ಕಡೆ ನೋಡಿದರು. ಹಾಸಿದ ಹುಲ್ಲು ಪಟ್ಟಿಗಳ ನಡುವಿನಿಂದ ಹೊರಗೆ ಇಣುಕುತ್ತಿತ್ತು.

"ಬೆಳಿಗ್ಗೆ ಹುಲ್ಲು ಹಾಕಿದ್ದಿಲ್ಯಾ?"

"ಇಲ್ಲ ಒಡೆಯಾ."

"ಎಂತಕ್ಕೆ?"

ಸುಳ್ಳು ಹೊಳೆಯಲಿಲ್ಲ. "ಎತ್ತಿರಲಿಲ್ಲವಲ್ಲ" ಅಂದೆ.

ಗಾಡಿಯವರಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ನಗಲಿಲ್ಲ. ಆದರೆ ಅವರ ಬಾಯಿಯ ಅಡಿಕೆ ಈ ಕೆನ್ನೆಯಿಂದ ಆ ಕೆನ್ನೆಗೆ ಹೋಯಿತು, ಹೊಟ್ಟೆ ಒಂದೆರಡು ಸಲ ಕುಲುಕಿತು.

"ಆನೂ ನೋಡಿದ್ನಿಲ್ಲೆ," ಅಂದರು. "ಮೂಗು ಹಚ್ಚಿ ನೋಡ್ದೆ, ಕೈ ಹಚ್ಚಿ ನೋಡಿದ್ನಿಲ್ಲೆ. ಮನೆಗೆ ಹೋದಮೇಲೆ ಎಂತೋ ಒಂದು ತಪ್ಪಿದ್ದು ಅಂತ ಅನಿಸ್ತಾ ಇತ್ತು. ಊಟ ಗಂಟಲಲ್ಲಿ ಇಳಿದಿದ್ದಿಲ್ಲೆ. ಇದೇ ಅದು, ಹುಲ್ಲು." ಇನ್ನೊಂದು ಅಡಿಕೆ ಸೀಳಿ ಬೆಳಕಿಗೆ ಹಿಡಿದರು. "ಎಂತದೂ ಆಯ್ದಿಲ್ಲೆ. ಅಡ್ಡಿಲ್ಲೆ. ಹೇರು."

ಆ ದಿನ ಎರಡನೆಯ ಅಡ್ಡಿಲ್ಲೆ. ಮೊದಲನೆಯದಕ್ಕೆ ನಾನು ಹಿಗ್ಗಿದ್ದೆ, ಇದಕ್ಕೆ ಹಿಗ್ಗಲೂ ಪುರುಸೊತ್ತಿಲ್ಲದೆ ಚೀಲ ತುಂಬಲು ಬಗ್ಗಿದೆ. ಚೀಲ ಹೊಲಿದು, ಹುಲ್ಲಿನ ಮೇಲೆ ಹೇರಿ ಮುಗಿಯುವ ತನಕ ಯಜಮಾನರು ಅಲ್ಲೇ ನಿಂತರು. ಮೋಟಾರಿನವನು ಎಷ್ಟು ಹೊತ್ತು ಕಾಯುತ್ತಾನೆ, ಕೂಗಿ ಕೂಗಿ ಹೊರಟುಹೋದ. ಯಜಮಾನರು ಲಾರಿಯ ಮುಂದಿನ ಸೀಟಿನ ಹತ್ತಿರ ಬಂದು, ಒಂದು ಹಿಡಿ ಹುಲ್ಲು ಕೇಳಿ, ಸೀಟಿನ ಮೇಲೆ ಹಾಸಿದರು.

"ಆನೂ ಇದರಲ್ಲೇ ಬತ್ತೆ," ಅಂದರು.

ಹೊರಡುವ ಮೊದಲು ಗಾಡಿಯವರ ಹಿರಿಯರು ನನ್ನ ಭುಜ ಹಿಡಿದು ನಿಲ್ಲಿಸಿದರು. ಹುಲ್ಲಿಗೆ ಪ್ರತಿಯಾಗಿ ಒಂದು ಮಾತು ಬೇಕೆಂದರು. ಎತ್ತು ಬಿಚ್ಚಿದ ಗಾಡಿಗಳ ಹತ್ತಿರ ಹಾರ್ನ್ ಹಿಸುಕಬಾರದು, ಇಂಜಿನ್ ಜೋರು ಮಾಡಬಾರದು. ನಾನು ಒಪ್ಪಿದೆ. ಮಾತು ಕೊಡುವುದು ಸುಲಭವಾಗಿತ್ತು. ಆಮೇಲೆ ಎಷ್ಟೋ ವರ್ಷ, ಬೆದರಿದ ಎತ್ತು ಎದುರಾದಲ್ಲೆಲ್ಲ ಇಂಜಿನ್ ನಿಲ್ಲಿಸಿ, ಅವು ದಾಟಿದ ಮೇಲೆ ಇಳಿದು ಮತ್ತೆ ಹ್ಯಾಂಡಲ್ ತಿರುಗಿಸಿದವನು ನಾನು. ನನ್ನ ಬಲಭುಜ ಎಡಭುಜಕ್ಕಿಂತ ದಪ್ಪವಿರುವುದು ಅದಕ್ಕೇ.

ಮಂಡಿಯ ಅಂಗಳದಲ್ಲಿ ಸಾಹುಕಾರರು ಹೊತ್ತು ಮೀರಿತೆಂದು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಲಾರಿ ಒಳಗೆ ಬಂತು. ಮುಂದಿನ ಸೀಟಿನಿಂದ ಪಂಚೆಗೆ ಹತ್ತಿದ ಹುಲ್ಲು ಕೊಡವುತ್ತ ತೋಟದ ಯಜಮಾನರು ಇಳಿದದ್ದು ಕಂಡು ಅವರ ಬಾಯಿ ತೆರೆದೇ ಉಳಿಯಿತು. ಅಡಿಕೆ ಇಳಿಯಿತು. ಮೂಗುಗಳು ಬಂದವು, ಮೂಸಿದವು, ತಲೆಯಾಡಿಸಿದವು. ದರದ ಮಾತು ನನಗೆ ಸಂಬಂಧವಿಲ್ಲ. ಹೊರಡುವಾಗ ಯಜಮಾನರು ಸಾಹುಕಾರರ ಹತ್ತಿರ, "ಉಳಿದ ಹೇರೂ ಇವನ ಹತ್ರವೇ ಕಳಸ್ತೆ. ಹುಲ್ಲು ಹಾಕ್ಯಂಡು ಬರಲಿ" ಅಂದದ್ದು ನನ್ನ ಕಿವಿಗೆ ಬಿತ್ತು.

ಸಾಹುಕಾರರಿಗೆ ಹುಲ್ಲಿನ ಮಾತು ಅರ್ಥವಾಗಲಿಲ್ಲ, ಹೇರಿನ ಮಾತು ಅರ್ಥವಾಯಿತು. ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಮಂಚಿಕೇರಿಗೆ ಹೋಗ್ಬೇಕು, ಬೇಗ ಬಾ" ಅಂದರು. ಸೀಟು ನನ್ನದಾದದ್ದು ಹೀಗೆ. ಹಾರವೂ ಇಲ್ಲ, ಮೆಚ್ಚುಗೆಯೂ ಇಲ್ಲ. ಎಲ್ಲರೂ ಹೋದ ಮೇಲೆ ನಾನು ಖಾಲಿ ಲಾರಿಯ ಚಕ್ರದ ಮುಂದೆ ಸ್ವಲ್ಪ ಹೊತ್ತು ಕೂತೆ. ಬದುಕಿದೆ ಎಂದು ಬಾಯಿಬಿಟ್ಟು ಹೇಳಿಕೊಂಡೆ, ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಹಲಗೆಯ ಮೇಲಿನ ಹುಲ್ಲನ್ನೆಲ್ಲ ಬಳಿದು ಹೊರೆ ಕಟ್ಟಿಕೊಂಡೆ. ಗಾಡಿಯವನ ಮಗ, ಹುಲ್ಲು ಬಿಸಾಡಲು ಮನಸ್ಸು ಬರಲಿಲ್ಲ.

ಮನೆಯಲ್ಲಿ ಅಬ್ಬಾ ಎತ್ತಿನ ಪಕ್ಕದಲ್ಲೇ ನಿಂತಿದ್ದರು. ಎಲ್ಲವನ್ನೂ ಹೇಳಿದೆ, ಹುಲ್ಲು ಕೇಳಿದಾಗ ಗಾಡಿಯವರು ನಕ್ಕದ್ದನ್ನೂ ಬಿಡಲಿಲ್ಲ. ಅಬ್ಬಾ ಹಣೆ ಹಣೆ ಬಡಿದುಕೊಂಡರು. "ನೀನು ಹುಲ್ಲು ಹಾಕೂದಿಲ್ಲ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಅಂಗಿ ಹಾಕ್ಕೊಂಡು ಹೋಗು ಅಂತ ಹೇಳ್ತಾರಾ ಯಾರಾದ್ರೂ?" ಅಂದರು. ಆಮೇಲೆ ನಾಳೆ ಮಂಚಿಕೇರಿಗೆ ಹೋಗಬೇಕಂತೆ ಎಂದೆ. ಅವರು ಎತ್ತಿನ ಬೆನ್ನ ಮೇಲೆ ಕೈಯಿಟ್ಟು, ನನಗಲ್ಲ, ಅದಕ್ಕೆ ಹೇಳಿದರು: "ಹಾವೇರಿಗೆ ಹೋಗೂದು ಬೇಡ ಹಂಗಾದ್ರೆ."

ನಾನು ತಂದ ಹುಲ್ಲನ್ನು ಎತ್ತಿನ ಮುಂದೆ ಹಾಕಿದೆ. ಅದು ಮೂಸಿ, ಪೆಟ್ರೋಲಿನ ವಾಸನೆಗೆ ಸೀನಿ, ಮುಖ ತಿರುಗಿಸಿತು. ಬಿಸಾಡು ಎಂದಳು ಅಮ್ಮ. ಅಬ್ಬಾ ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಗಾಳಿಗೆ ಕೊಡವಿ, ಅದರ ಬಾಯಿಯ ಹತ್ತಿರ ಹಿಡಿದು ನಿಂತರು. ತುಂಬ ಹೊತ್ತು ನಿಂತರು. ಕೊನೆಗೆ ಎತ್ತು ಒಂದೆಳೆ ಎಳೆದುಕೊಂಡಿತು.

ಮರುದಿನ ಬೆಳಿಗ್ಗೆ ನಾನು ಹ್ಯಾಂಡಲ್ ಹಿಡಿಯುವ ಹೊತ್ತಿಗೆ ಅಬ್ಬಾ ನಮ್ಮ ಗಾಡಿಯ ಅಡಿಗೆ ತೂರಿ, ಹುಲ್ಲಿನ ಬಲೆಯನ್ನು ಬಿಚ್ಚುತ್ತಿದ್ದರು. ಅಜ್ಜ ಹೆಣೆದ ಬಲೆ. ಅದನ್ನು ತಂದು ಲಾರಿಯ ಅಡಿಗೆ, ಹಿಂದಿನ ಚಕ್ರಗಳ ಆಚೆ, ತಾವೇ ಬಿಗಿದು ಕಟ್ಟಿದರು. ಜೋಡಿಯಿಲ್ಲದ ಎತ್ತನ್ನು ಮುಂದೆ ಬನವಾಸಿಯ ಒಳ್ಳೆಯ ರೈತರೊಬ್ಬರು ಉಳುಮೆಗೆ ಒಯ್ದರು. ಕುಂಟು ಎತ್ತು ನಮ್ಮಲ್ಲೇ ಉಳಿಯಿತು. ದಿನವೂ ನನ್ನ ಹೇರಿನ ಅಡಿ ಊರು ಸುತ್ತಿ ಬಂದ ಹುಲ್ಲೇ ಅದಕ್ಕೆ ಸಂಜೆಯ ಮೇವು. ಮೊದಲೆಲ್ಲ ಲಾರಿಯ ಸದ್ದು ಕೇಳಿದರೆ ಗೂಟ ಕೀಳುವ ಹಾಗೆ ಜಗ್ಗುತ್ತಿದ್ದ ಎತ್ತು, ಬರುಬರುತ್ತ ನಾನು ಬೀದಿಯ ತಿರುವಿಗೆ ಬಂದೊಡನೆ ಎದ್ದು ನಿಂತು, ಬಾಗಿಲ ಕಡೆ ಮುಖ ಮಾಡಿ ಕಾಯುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು.